ಬೀಟಿಯ ಪಕ್ಷ ವಹಿಸಿ ‘ಫ್ಯಾರನ್‌ಹೀಟ್ 451’ ಪಾಠ ಮಾಡಿದ್ದು: ನನ್ನ ಅನುಭವ

ಈ ಕಾದಂಬರಿಯ ಪುಟಗಳನ್ನು ಬಾಯಿಪಾಠ ಮಾಡಿಸುತ್ತೇನೆ ಅಂದಾಗ ಸ್ಟಾಫ್‌ರೂಮಿನಲ್ಲಿ ನಕ್ಕವರೇ ಹೆಚ್ಚು. “ಗೈಡು ಉರು ಹೊಡೆಯೋ ಮಕ್ಕಳಿಗೆ ನೀವೂ ಅದನ್ನೇ ಹಚ್ತೀರಾ?” ಅಂದರು. ಈಗ ಅವರಲ್ಲೇ ಇಬ್ಬರು ಇದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದೆ.

ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯ 1953ರ ಈ ಕಾದಂಬರಿಯಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧ, ಅಗ್ನಿಶಾಮಕರ ಕೆಲಸ ಪುಸ್ತಕ ಸುಡುವುದು. ಅವರಲ್ಲೊಬ್ಬನಾದ ಮಾಂಟಾಗ್ ಓದಲು ಹೊರಡುತ್ತಾನೆ. ಪುಸ್ತಕವಿಲ್ಲದಿದ್ದರೇ ಜನ ಸುಖವಾಗಿರುತ್ತಾರೆ ಅನ್ನುವವನು ಅವನ ಮೇಲಧಿಕಾರಿ ಬೀಟಿ. ಇದನ್ನು ಬಿ.ಎ. ಮಕ್ಕಳಿಗೆ ಮಾಡಿದವರಿಗೆ ತೊಡಕು ಗೊತ್ತೇ ಇದೆ. ಸುಖಕ್ಕಿಂತ ಜ್ಞಾನ ದೊಡ್ಡದು ಎಂದು ಮಕ್ಕಳು ಮೊದಲ ದಿನವೇ ಒಪ್ಪಿಬಿಡುತ್ತಾರೆ. ಒಪ್ಪಿ, ನೋಟ್ಸ್ ಕೇಳುತ್ತಾರೆ.

ಮೊದಲ ಸಲ ಈ ಕಥೆಯ ಮೇಲೆ ಫ್ರೆಂಚ್ ನಿರ್ದೇಶಕ ತ್ರುಫೋ ಮಾಡಿದ 1966ರ ಸಿನಿಮಾ ತೋರಿಸಿದೆ. ಪ್ರೊಜೆಕ್ಟರ್ ಬಾಡಿಗೆ ಸಾವಿರದೈನೂರರ ಹತ್ತಿರ, ಕೈಯಿಂದಲೇ. ಪುಸ್ತಕದಲ್ಲಿ ಸತ್ತಳೆನ್ನುವ ನೆರೆಮನೆಯ ಹುಡುಗಿ ಕ್ಲಾರಿಸ್ ಸಿನಿಮಾದಲ್ಲಿ ಬದುಕುಳಿಯುತ್ತಾಳಲ್ಲ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲೂ ಬದುಕಿಬಿಟ್ಟಳು. ಮರುವರ್ಷ ಚರ್ಚಾಸ್ಪರ್ಧೆ ಇಟ್ಟೆ. ಜ್ಞಾನದ ಕಡೆ ಇಡೀ ಕ್ಲಾಸು, ಸುಖದ ಕಡೆ ಬಲವಂತಕ್ಕೆ ಎದ್ದುನಿಂತ ಇಬ್ಬರು. ಇಪ್ಪತ್ತು ನಿಮಿಷಕ್ಕೆ ಮುಗಿಯಿತು.

ಆಮೇಲೆ ತಿರುವುಮುರುವು ಮಾಡಿದೆ. ಎಲ್ಲರೂ ಬೀಟಿಯ ಕಡೆ. ಜ್ಞಾನದ ಪರ ಮಾತಾಡುವಂತೆಯೇ ಇಲ್ಲ. ಮಾಂಟಾಗ್ ಹುಷಾರಿಲ್ಲವೆಂದು ಮಲಗಿದ್ದಾಗ ಕ್ಯಾಪ್ಟನ್ ಬೀಟಿ ಬಂದು ಹೇಳುತ್ತಾನಲ್ಲ, ಯಾರ ಮನಸ್ಸೂ ನೋಯಬಾರದು, ಒಂದು ಪ್ರಶ್ನೆಗೆ ಎರಡು ಮುಖ ತೋರಿಸಿ ಯಾರನ್ನೂ ಕಾಡಬಾರದು ಅಂತ, ಅದನ್ನು ಅವರವರ ಮಾತಲ್ಲಿ ಸಮರ್ಥಿಸಬೇಕು. ಮೂರನೇ ತರಗತಿಯ ಹೊತ್ತಿಗೆ ಮಕ್ಕಳಿಗೆ ಬಿಸಿ ಏರಿತು. “ನಮ್ಮನೇಲಿ ಮಾತು ಶುರುವಾದ್ರೆ ಜಗಳ ಸಾರ್, ಟೀವಿ ಹಾಕಿದ್ರೇ ಶಾಂತಿ,” ಅಂದಳೊಬ್ಬಳು. ಆಗ ಮಾಂಟಾಗ್‌ನ ಹೆಂಡತಿ ಮಿಲ್ಡ್ರೆಡ್ ನಿದ್ದೆಮಾತ್ರೆ ನುಂಗಿದ ರಾತ್ರಿಯ ಪುಟ ಓದಿಸಿದೆ. ಹೊಟ್ಟೆ ತೊಳೆಯಲು ಬಂದವರು ಡಾಕ್ಟರಲ್ಲ, ಮೆಕ್ಯಾನಿಕ್‌ಗಳಂಥವರು. ಇಂಥ ಕೇಸು ರಾತ್ರಿಗೆ ಒಂಬತ್ತೋ ಹತ್ತೋ ಅನ್ನುತ್ತಾರೆ. ಬೆಳಗ್ಗೆ ಅವಳಿಗೆ ಅದರ ನೆನಪೇ ಇಲ್ಲ. ಅಲ್ಲಿ ಜ್ಞಾನ ಯಾರಿಗೂ ಸುಖ ಕೊಡುವುದಿಲ್ಲ, ಆದರೆ ತಾನು ಸುಖವಾಗಿಲ್ಲ ಎಂದು ಗೊತ್ತಾಗುವುದಕ್ಕೂ ಅದು ಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಜಗಳವಾಡಿಕೊಂಡು ಅವರೇ ಅಲ್ಲಿಗೆ ಬಂದರು.

ಬಾಯಿಪಾಠ ಆಮೇಲಿನದು. ಒಬ್ಬೊಬ್ಬರಿಗೆ ಒಂದೊಂದು ಪುಟ, ಕಾದಂಬರಿಯ ಕೊನೆಯಲ್ಲಿ ಪುಸ್ತಕಗಳನ್ನು ತಲೆಯಲ್ಲೇ ಉಳಿಸಿಕೊಳ್ಳುವ ಗ್ರೇಂಜರನ ಗುಂಪಿನ ಹಾಗೆ. ಯಾವ ಪುಟ ಯಾರಿಗೆ ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸಹೋದ್ಯೋಗಿಗಳಿಗೂ ಪೂರ್ತಿ ಹೇಳಿಲ್ಲ. ನಡುವೆ ಒಂದು ತಮಾಷೆ ಮಾಡಿದೆ. ಮಾಂಟಾಗ್ ರೈಲಿನಲ್ಲಿ ಬೈಬಲ್ ಬಾಯಿಪಾಠ ಮಾಡಹೊರಟಾಗ ಟೂತ್‌ಪೇಸ್ಟ್ ಜಾಹೀರಾತು ಕಿವಿಗೆ ಬಡಿಯುತ್ತದಲ್ಲ? ನಾನೂ ಮೊಬೈಲಿನಲ್ಲಿ ಒಂದು ಜಿಂಗಲ್ ಬಿಡದೆ ಹಾಕಿ ಪುಟ ಕಲಿಯಿರಿ ಅಂದೆ. ಹತ್ತು ನಿಮಿಷ ಕಳೆದರೆ ಮುಕ್ಕಾಲು ಪಾಲು ಮಕ್ಕಳಿಗೆ ಜಿಂಗಲ್ ಬರುತ್ತಿತ್ತು, ಪುಟ ಬರುತ್ತಿರಲಿಲ್ಲ. ಓದಿದ್ದು ತಲೆಯಲ್ಲಿ ನಿಲ್ಲದ್ದನ್ನು ಜರಡಿಗೆ ಮರಳು ತುಂಬುವುದಕ್ಕೆ ಹೋಲಿಸುವ ಭಾಗವನ್ನು ವಿವರಿಸುವ ಕೆಲಸ ನನಗೆ ಉಳಿಯಲೇ ಇಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಿಸಿದೆ. ಮಿಲ್ಡ್ರೆಡ್ ಕೇಳುವ ನಾಲ್ಕನೇ ಟೀವಿ ಗೋಡೆಗೆ, ಅಂದರೆ ಗೋಡೆ ತುಂಬುವ ಟೀವಿಗೆ, ಎರಡು ಸಾವಿರ ಡಾಲರ್, ಗಂಡನ ವರ್ಷದ ಸಂಬಳದಲ್ಲಿ ಮೂರನೇ ಒಂದು ಪಾಲು. ನಿಮ್ಮನೆ ಫೋನುಗಳ ಇ.ಎಂ.ಐ. ಎಷ್ಟು ಬರೆದು ತನ್ನಿ ಅಂದೆ. ಕೆಲವರು ತರಲೇ ಇಲ್ಲ.

ದೊಡ್ಡ ಫಲ ಬಂದದ್ದು ನಾನು ಎಣಿಸದ ಕಡೆಯಿಂದ. ಮಾಂಟಾಗ್ ಕೊನೆಗೆ ತಲೆಯಲ್ಲಿ ಹೊತ್ತು ನಡೆಯುವುದು ಬೈಬಲಿನ ‘ಪ್ರಸಂಗಿ’. ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ಹುಡುಕಿ ಅದರ ಮೊದಲ ಅಧ್ಯಾಯ ಓದಿಕೊಂಡು ಬಂದ. ತಿಳಿವಳಿಕೆ ಹೆಚ್ಚಿಸಿಕೊಂಡವನು ದುಃಖವನ್ನೂ ಹೆಚ್ಚಿಸಿಕೊಳ್ಳುತ್ತಾನೆ ಅಂತಿದೆ ಅಲ್ಲಿ. “ಹಾಗಾದ್ರೆ ಬೀಟಿ ಗೆದ್ದ ಹಾಗಲ್ವಾ ಸಾರ್?” ಎಂದ. ಇಷ್ಟು ವರ್ಷದ ಸರ್ವಿಸಿನಲ್ಲಿ ಈ ಕಾದಂಬರಿಯ ಬಗ್ಗೆ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಎರಡು ತರಗತಿ ಅದರಲ್ಲೇ ಹೋಯಿತು, ಪೋರ್ಷನ್ ಹಿಂದೆ ಬಿತ್ತು. ಬೀಳಲಿ.

ಖರ್ಚು ಹೇಳಬೇಕೆಂದರೆ, ಮೂವತ್ತು ಚಿಲ್ಲರೆ ಹಳೇ ಪ್ರತಿಗಳು, ಒಂದೊಂದು ನೂರಿಪ್ಪತ್ತರಿಂದ ಇನ್ನೂರರವರೆಗೆ, ಒಟ್ಟು ಐದು ಸಾವಿರದ ಆಸುಪಾಸು. ಕೊಳ್ಳುವಾಗ ಯಾವ ಮುದ್ರಣ ಎಂದು ನೋಡಿಕೊಳ್ಳಿ. 1967ರಿಂದ ಪ್ರಕಾಶಕರಾದ ಬ್ಯಾಲಂಟೈನ್ ಶಾಲೆಗಳಿಗೆಂದು ಬೈಗುಳಗಳನ್ನೂ ಇನ್ನಷ್ಟು ಮಾತುಗಳನ್ನೂ ಕತ್ತರಿಸಿದ ಆವೃತ್ತಿ ತಂದಿತ್ತು, ಪುಸ್ತಕ ಸುಡುವ ಕಥೆಗೇ ಕತ್ತರಿ! ಬ್ರಾಡ್‌ಬರಿಗೆ ವಿಷಯ ತಿಳಿದು ಮೂಲ ಪಾಠ ಮರಳಿದ್ದು 1979ರ ಸುಮಾರಿಗೆ. ಕೊನೆಯಲ್ಲಿ ಅವರೇ ಬರೆದ ‘ಕೋಡಾ’ ಎಂಬ ಹಿನ್ನುಡಿ ಇರುವ ಪ್ರತಿ ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ.