ಹೊಲ ಮಾರದೆ ಹಜ್‌ಗೆ ಹೋದದ್ದು: ನನ್ನ ಅನುಭವ

ನಾನು ಪುಸ್ತಕದಲ್ಲಿ ಲೆಕ್ಕ ಇಡುವ ಹಜ್ ಉಳಿತಾಯದಿಂದ ನಮ್ಮೂರಿನ ಐದು ಮಂದಿ ಈವರೆಗೆ ಹಜ್ ಮಾಡಿ ಬಂದಿದ್ದಾರೆ, ಎರಡು ಜೋಡಿ ಮತ್ತು ಒಬ್ಬ ಚಾಚಾ. ಐವರದೂ ಪಹಣಿ ಮೊದಲು ಹೇಗಿತ್ತೋ ಹಾಗೇ ಇದೆ. "ನಿನ್ನ ಪುಸ್ತಕ ನಂಬಿ ಕುಂತ್ರ ಮಕ್ಕಾ ಅಲ್ಲ, ಹಾವೇರಿನೂ ಮುಟ್ಟಂಗಿಲ್ಲ" ಎಂದು ಮಸೀದಿ ಕಟ್ಟೆಯ ಮೇಲೆ ನಕ್ಕಿದ್ದು ಅದೇ ಚಾಚಾ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಎರಡೆಕರೆ ಮಾರಿ ಹಜ್‌ಗೆ ಹೋಗಿ, ಬಂದ ಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದವರನ್ನು ಕಣ್ಣಾರೆ ಕಂಡಿದ್ದೆ. ಮಲೇಷ್ಯಾದ ಹಳ್ಳಿಗಳಲ್ಲೂ ಇದೇ ಗೋಳಿತ್ತಂತೆ. ಬ್ಯಾಂಕಿನ ಬಡ್ಡಿ ಧರ್ಮಕ್ಕೆ ನಿಷಿದ್ಧವೆಂದು ಹೆದರಿ ದುಡ್ಡನ್ನು ದಿಂಬಿನ ಕೆಳಗಿಡುವುದು, ಸಾಲದಿದ್ದರೆ ಹೊಲ, ದನ ಮಾರುವುದು. 1959ರಲ್ಲಿ ಉಂಗ್ಕು ಅಜೀಜ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೊಂದು ಯೋಜನೆ ಬರೆದುಕೊಟ್ಟರು. 1963ರಲ್ಲಿ ಸಾವಿರದ ಮುನ್ನೂರಕ್ಕೂ ಕಡಿಮೆ ಜನರಿಂದ ಶುರುವಾದ ಆ ಉಳಿತಾಯವೇ ಇವತ್ತಿನ ತಾಬುಂಗ್ ಹಾಜಿ, ಮಲೇಷ್ಯಾದ ಹಜ್ ಉಳಿತಾಯ ಸಂಸ್ಥೆ. ಅವರಿಗೆ ಸರ್ಕಾರ ಬೆನ್ನಿಗಿತ್ತು, ದುಡ್ಡು ಹೂಡಲು ತಾಳೆ ತೋಟಗಳಿದ್ದವು. ನಮಗೆ ಇದ್ದದ್ದು ಬ್ಯಾಡಗಿ ಮೆಣಸಿನಕಾಯಿ, ಗೋವಿನಜೋಳ.

2013ರಲ್ಲಿ ಇಪ್ಪತ್ಮೂರು ಮನೆಗಳಿಂದ ನಮ್ಮ ಉಳಿತಾಯ ಶುರು ಮಾಡಿದೆ. ತಿಂಗಳಿಗೆ ಸಾವಿರ ಎಂದು ಗೊತ್ತು ಮಾಡಿದ್ದೇ ಮೊದಲ ತಪ್ಪು. ರೈತನಿಗೆ ತಿಂಗಳ ಪಗಾರ ಎಲ್ಲಿದೆ? ನಾಲ್ಕನೇ ತಿಂಗಳಿಗೆ ಒಂಬತ್ತು ಜನ ಕೈಬಿಟ್ಟರು. ಹಿಂದೊಮ್ಮೆ ಪೇಟೆಯ ಒಬ್ಬ ಏಜೆಂಟ್ ಉಮ್ರಾ (ಹಜ್ ಕಾಲದ ಹೊರತಾಗಿಯೂ ಮಾಡಬಹುದಾದ ಮಕ್ಕಾ ಯಾತ್ರೆ) ಹೆಸರಲ್ಲಿ ದುಡ್ಡೆತ್ತಿ ಪರಾರಿಯಾಗಿದ್ದ. ಹಾಗಾಗಿ ಎಲ್ಲರ ದುಡ್ಡು ಒಂದೇ ಕಡೆ ಇಡುವ ಮಾತಿಗೆ ಯಾರೂ ಒಪ್ಪಲಿಲ್ಲ, ಕಾನೂನೂ ಒಪ್ಪುವುದಿಲ್ಲ. ಅವರವರ ಖಾತೆ ಅವರವರಿಗೆ, ನನ್ನದು ಬರೀ ಪುಸ್ತಕ. ಬಡ್ಡಿ ತಪ್ಪಲಿ ಎಂದು ಕರೆಂಟ್ ಅಕೌಂಟ್ ಮಾಡಿಸಿದೆವು. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಒಂದೊಂದು ಖಾತೆಯಿಂದ ಆರುನೂರು ಚಿಲ್ಲರೆ ಕತ್ತರಿಸಿದರು! ತಿರುಗಿ ಉಳಿತಾಯ ಖಾತೆಗೇ ಬಂದೆವು. ಗಂಡ ಹೆಂಡತಿ ಇಬ್ಬರ ಸಹಿ ಬೇಕು, ಎಟಿಎಂ ಕಾರ್ಡ್ ಬೇಡ. ಬಿದ್ದ ಬಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆದು ಶಾಲೆಯ ಪಾಯಖಾನೆ ರಿಪೇರಿಗೆ ಕೊಡುತ್ತೇವೆ.

ಕೈ ಹಿಡಿದದ್ದು ಚೀಲದ ಲೆಕ್ಕ. ಹತ್ತು ಚೀಲ ಮೆಣಸಿನಕಾಯಿಗೆ ಒಂದು ಚೀಲ ಹಜ್‌ನದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ಆಗಿ ಕಾಯಿ ಮಾರಿದ ದಿನವೇ, ದುಡ್ಡು ಮನೆ ಹೊಸ್ತಿಲು ತುಳಿಯುವ ಮೊದಲೇ ಖಾತೆಗೆ. ದಲಾಲರನ್ನು ಇದಕ್ಕೆ ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇಷ್ಟರಿಂದಲೇ ಗುರಿ ಮುಟ್ಟುತ್ತಿರಲಿಲ್ಲ. ಹೋತ ಕಟ್ಟಿದೆವು. ಐದಾರು ಸಾವಿರದ ಮರಿ ಬಕ್ರೀದ್‌ಗೆ ಹದಿನಾಲ್ಕು, ಹದಿನೈದಕ್ಕೆ ಹೋಗುತ್ತದೆ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಮರಿ ತರುವುದೂ ಅಷ್ಟೇ ಮುಂಚೆ ಆಗಬೇಕು. ಒಂದು ವರ್ಷ ಆಡು ಕುರಿಗಳಿಗೆ ಬರುವ ಪಿಪಿಆರ್ ರೋಗದ ಲಸಿಕೆ ತಪ್ಪಿಸಿ ಏಳು ಮರಿ ಮಣ್ಣು ಮಾಡಿದೆ. ಯಾವ ಸಂತೆಗೆ ಯಾವ ವಾರ ಮಾರಬೇಕು ಎಂದು ಫೋನ್ ಮಾಡಿ ಕೇಳಬೇಡಿ. ನಡುವೆ ಚಿನ್ನದ ನಾಣ್ಯ ಕೊಳ್ಳುವ ಪ್ರಯೋಗವೂ ನಡೆಯಿತು. ಮೂರು ನಾಣ್ಯ ಹೆಣ್ಣುಮಕ್ಕಳ ಮದುವೆಗೆ ಕರಗಿದವು. ಅದನ್ನೂ ಬಿಟ್ಟೆ.

ಸಾಲದ ವಿಷಯದಲ್ಲಿ ನಾನು ಕಟುಕ. ಒಬ್ಬ ಬೆಳೆಸಾಲ ಎತ್ತಿ ಉಮ್ರಾಕ್ಕೆ ಹೋಗಿ ಬಂದ, ಆ ವರ್ಷ ಗೊಬ್ಬರಕ್ಕೆ ಕೈಸಾಲ ಮಾಡಿದ. ಆಗಿನಿಂದ ಸೊಸೈಟಿ ಬಾಕಿ ಚುಕ್ತಾ ಆಗದವರ ಅರ್ಜಿ ತುಂಬುವುದಿಲ್ಲ.

ಶುರುವಿನಲ್ಲಿ ತಲೆಗೆ ಎರಡು ಲಕ್ಷ ಸಾಕು ಅಂದುಕೊಂಡಿದ್ದೆವು. 2018ರಲ್ಲಿ ಸರ್ಕಾರದ ಹಜ್ ಸಬ್ಸಿಡಿ ನಿಂತಿತು. 2020ರಲ್ಲಿ ಚಾಚಾನ ದುಡ್ಡು ತಯಾರಿತ್ತು, ಕೊರೊನಾ ಬಂತು. 2022ರಲ್ಲಿ ಬಾಗಿಲು ತೆಗೆದರೂ ಅರವತ್ತೈದು ದಾಟಿದವರಿಗೆ ಅವಕಾಶ ಕೊಡಲಿಲ್ಲ. "ಅಲ್ಲಾ ಕರದಿಲ್ಲ ಬಿಡು" ಎಂದು ದುಡ್ಡು ತೆಗೆಯಲು ಬ್ಯಾಂಕಿಗೆ ಹೊರಟೇಬಿಟ್ಟಿದ್ದ. ಚಾಚಿ ಸಹಿ ಹಾಕಲಿಲ್ಲ. 2023ರಲ್ಲಿ ಕುರಾದಲ್ಲಿ, ಅಂದರೆ ಹಜ್‌ಗೆ ಹೋಗುವವರನ್ನು ಆರಿಸುವ ಚೀಟಿ ಎತ್ತುವುದರಲ್ಲಿ, ಚಾಚಾನ ಹೆಸರು ಬಂತು. ಖರ್ಚು ಮೂರು ಲಕ್ಷ ದಾಟಿತ್ತು, ಕೊರತೆ ತುಂಬಿದ್ದು ಹೋತ.

ಈಗ ನಾಲ್ಕು ಮನೆ ಸರದಿಯಲ್ಲಿವೆ. ಮೊದಲ ಕಂತು, ಹತ್ತಿರ ಹತ್ತಿರ ಒಂದೂವರೆ ಲಕ್ಷ, ಮಳೆಗಾಲದಲ್ಲೇ ಕಟ್ಟಬೇಕು. ಕಾಯಿ ಬರುವುದು ಸಂಕ್ರಾಂತಿ ಆದಮೇಲೆ. ಅದಕ್ಕೇ ಆ ಕಂತನ್ನು ಹಿಂದಿನ ಬೇಸಿಗೆಯಲ್ಲೇ ಬೇರೆ ತೆಗೆದಿಡಿಸುತ್ತೇನೆ. ಇಬ್ಬರದು ಆಗಿದೆ. ಇನ್ನಿಬ್ಬರ ಹೋತ ಇನ್ನೂ ಮೇಯುತ್ತಿವೆ.