ಹನಿ ಬಿಟ್ಟೆ, ಬೋಲಸ್ ಹಿಡಿದೆ

ಎಆರ್‌ಡಿಎಸ್ (ಶ್ವಾಸಕೋಶ ಊದಿಕೊಂಡು ರಕ್ತದ ಆಮ್ಲಜನಕ ತೀರಾ ಇಳಿಯುವ ಸ್ಥಿತಿ) ಕೇಸನ್ನು ಕೋಲಾರದಲ್ಲೇ ವೆಂಟಿಲೇಟರ್‌ಗೆ ಹಾಕಿ, ಔಷಧದಿಂದ ಸ್ನಾಯುಗಳನ್ನು ಪ್ಯಾರಲೈಸ್ ಮಾಡಿ ನೋಡಿಕೊಳ್ಳುತ್ತೇನೆ ಅಂದಾಗ ನಮ್ಮ ಸೀನಿಯರ್ ನಕ್ಕರು. 'ಸುಮ್ನೆ ಬೆಂಗಳೂರಿಗೆ ಕಳಿಸಪ್ಪಾ.' ಅವರ ನಗುವಿಗೂ ಕಾರಣ ಇತ್ತು. ನನ್ನ ಮೊದಲ ಕೇಸು ಕೆಟ್ಟಿತ್ತು. ಕಿಡ್ನಿ ಕೈಕೊಟ್ಟಿದ್ದವರಿಗೆ ಸ್ನಾಯು ಸಡಿಲಿಸುವ ವೆಕ್ಯುರೋನಿಯಂ ಐದು ದಿನ ಓಡಿಸಿದ್ದೆ, ಜೊತೆಗೆ ಸ್ಟೀರಾಯ್ಡ್ ಬೇರೆ. ಶ್ವಾಸಕೋಶ ಸರಿಹೋಯಿತು, ಆದರೆ ಮೂರು ವಾರ ಕೈ ಎತ್ತಲಾಗಲಿಲ್ಲ. ಇನ್ನೊಬ್ಬರಿಗೆ ರಾತ್ರಿ ನಿದ್ದೆ ಬರಿಸುವ ಮಿಡಜೋಲಾಮ್ ಸಿರಿಂಜ್ ಖಾಲಿಯಾಗಿತ್ತು, ಪಲ್ಸ್ 140, ಕಣ್ಣಂಚಲ್ಲಿ ನೀರು. ಸಿಸ್ಟರ್ ನೋಡದಿದ್ದರೆ ಬೆಳಗಿನವರೆಗೂ ಹಾಗೇ ಅಲುಗಾಡಲಾಗದೆ ಎಚ್ಚರವಾಗಿ ಮಲಗಿರುತ್ತಿದ್ದರು. ಅದಾದ ಮೇಲೆ ನನ್ನ ಐಸಿಯುನಲ್ಲಿ ನಿದ್ದೆ ಔಷಧದ ಎರಡನೇ ಸಿರಿಂಜ್ ತುಂಬಿಡದೆ ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಔಷಧ) ಮುಟ್ಟುವ ಹಾಗಿಲ್ಲ.

2010ರ ಫ್ರೆಂಚ್ ಟ್ರಯಲ್‌ನಲ್ಲಿ 340 ಜನ ಎಆರ್‌ಡಿಎಸ್ ರೋಗಿಗಳು, ರಿಲ್ಯಾಕ್ಸೆಂಟ್ 48 ಗಂಟೆ ಡ್ರಿಪ್ (ಎಡೆಬಿಡದ ಹನಿ), ಲಾಭ ಕಂಡಿತು. 2019ರಲ್ಲಿ ಅಮೆರಿಕದವರು ಸಾವಿರ ಜನರಲ್ಲಿ ನೋಡಿದರು, ಸಾವಿನಲ್ಲಿ ವ್ಯತ್ಯಾಸ ಇಲ್ಲ. ಹಾಗಾದರೆ ಎಲ್ಲರಿಗೂ ಡ್ರಿಪ್ ಯಾಕೆ ಅಂತ ಬಿಟ್ಟೆ.

ಆಮೇಲೆ ಬಂದವರು ಒಬ್ಬ ಟೊಮೆಟೊ ರೈತರು, ನ್ಯುಮೋನಿಯಾ. ಪಿ-ಎಫ್ (ಕೊಡುವ ಆಮ್ಲಜನಕಕ್ಕೆ ರಕ್ತದಲ್ಲಿ ಎಷ್ಟು ಸೇರುತ್ತಿದೆ ಅನ್ನುವ ಲೆಕ್ಕ) 85ರ ಹತ್ತಿರ, ಅಂದರೆ ತೀವ್ರ. ಎತ್ತರದ ಲೆಕ್ಕದಲ್ಲಿ 58 ಕೆಜಿ, ಒಂದು ಉಸಿರಿನ ವಾಲ್ಯೂಮ್ 350 ಎಂಎಲ್. ಎಷ್ಟು ಸೆಡೇಷನ್ (ನಿದ್ದೆ ಔಷಧ) ಕೊಟ್ಟರೂ ಡಬಲ್ ಟ್ರಿಗರ್ (ಒಂದು ಉಸಿರು ಹೊರಬರುವ ಮೊದಲೇ ವೆಂಟಿಲೇಟರ್ ಇನ್ನೊಂದು ತಳ್ಳುವುದು), 350 ಅಂತ ಸೆಟ್ ಮಾಡಿದರೆ ಒಳಗೆ ಹೋಗುತ್ತಿದ್ದದ್ದು 700. ರಿಲ್ಯಾಕ್ಸೆಂಟ್ ಅಟ್ರಾಕ್ಯೂರಿಯಂ 25 ಮಿಗ್ರಾಂ ಬೋಲಸ್ (ಒಂದೇ ಸಲಕ್ಕೆ ಚುಚ್ಚುವ ಡೋಸ್) ಕೊಟ್ಟೆ, ವೆಂಟಿಲೇಟರ್ ಪರದೆಯ ಗ್ರಾಫ್ ನೆಟ್ಟಗಾಯಿತು. ಆಮೇಲೆ ಮತ್ತೆ ಗಲಾಟೆ ಎದ್ದಾಗ ಮಾತ್ರ ಇನ್ನೊಂದು. ಮಧ್ಯೆ ಕೈಕಾಲು ಆಡುವುದರಿಂದ ಸೆಡೇಷನ್ ಸಾಕಾ ಅಂತಲೂ ಗೊತ್ತಾಗುತ್ತದೆ, ಅಲ್ವಾ? ಹದಿನಾರು ಗಂಟೆ ಬೋರಲು ಮಲಗಿಸಿದೆವು. ಆಗ ದಿಂಬು ಇಡುವ ಒಂದು ರೀತಿ ಇದೆ, ಅದನ್ನು ಬರೆಯಲ್ಲ, ಬಂದು ನೋಡಿ.

ದುಡ್ಡಿನ ಮಾತು. ಡ್ರಿಪ್ ಆದರೆ ದಿನಕ್ಕೆ 28-30 ಆಂಪೂಲ್ ಆಗುತ್ತಿತ್ತು. ನಮಗೆ ಮೊದಲ ದಿನ ಹನ್ನೆರಡು, ಎರಡನೇ ದಿನ ಏಳು, ಮೂರನೇ ದಿನ ಸೊನ್ನೆ. ಆಂಪೂಲ್ 120ರ ಆಸುಪಾಸು ಬೀಳುತ್ತಿತ್ತು ಅಂತ ನೆನಪು. ಅದೇ ಜಾತಿಯ ಸಿಸ್ಅಟ್ರಾಕ್ಯೂರಿಯಂ ರೇಟು ಕೇಳಲೇಬೇಡಿ. ಫ್ರಿಡ್ಜ್‌ಗೆ (ಅಟ್ರಾಕ್ಯೂರಿಯಂ ತಣ್ಣಗಿಡಬೇಕಲ್ಲ) ಯುಪಿಎಸ್ ಹಾಕಿಸಿದ ಖರ್ಚು ಮಾತ್ರ ನನ್ನ ಜೇಬಿನದ್ದು.

ಮಧ್ಯೆ ನರ್ವ್ ಸ್ಟಿಮ್ಯುಲೇಟರ್ (ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಬೆರಳು ಅಲ್ಲಾಡುತ್ತದಾ ಅಂತ ನೋಡುವ ಯಂತ್ರ) ಹುಚ್ಚೂ ಹತ್ತಿತ್ತು. ಊದಿದ ಕೈ ಮೇಲೆ ಇಟ್ಟರೆ ಔಷಧದ ಪ್ರಭಾವ ಇಳಿದಿದ್ದರೂ ಬೆರಳು ಅಲ್ಲಾಡಲ್ಲ! ಎರಡು ದಿನ ಮೋಸಹೋಗಿ ಅದನ್ನು ಕಪಾಟಿಗೆ ಹಾಕಿದೆ.

ಒಂಬತ್ತನೇ ದಿನ ಟ್ಯೂಬ್ ತೆಗೆದೆವು. ಈಗ ಸೀನಿಯರೇ ಫೋನ್ ಮಾಡುತ್ತಾರೆ, 'ಎಷ್ಟು ಗಂಟೆಗೊಂದು ಕೊಡ್ತೀಯಪ್ಪಾ?' ಗಡಿಯಾರ ನೋಡಿ ಕೊಡೋದಲ್ಲ ಸಾರ್, ಗ್ರಾಫ್ ನೋಡಿ ಅಂದೆ.