ರೊಟ್ಟಿಯ ಸದ್ದಿನ ನಡುವೆ ಬರೆದ ಬಾಲ್ಯ

ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದ ಹಿರಿಯರೊಬ್ಬರ ಅಭಿನಂದನ ಗ್ರಂಥಕ್ಕೆ ‘ಬಾಲ್ಯ ಮತ್ತು ಮನೆತನ’ ಎಂಬ ಅಧ್ಯಾಯ ಬರೆದುಕೊಡಿ, ಹತ್ತು ಪುಟ ಸಾಕು ಎಂದು ಸಮಿತಿಯವರು ಕೇಳಿದಾಗ ಹದಿನೈದು ದಿನದ ಕೆಲಸ ಎಂದುಕೊಂಡಿದ್ದೆ. ಎಂಟು ತಿಂಗಳು ಹಿಡಿಯಿತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳಿಗೆ ಒಬ್ಬ ಹೆಣ್ಣುಮಗಳ ಮೊದಲ ಹದಿನೇಳು ವರ್ಷ ಬರೆಯುವುದು ಇಷ್ಟು ಕಷ್ಟವಾದೀತೆಂದು ಯಾರು ಹೇಳಬೇಕಿತ್ತು?

ಅವರು ಬಾಗಲಕೋಟೆ ಜಿಲ್ಲೆಯವರು, ಕೃಷ್ಣೆಯ ದಂಡೆಯ ಊರಿನವರು. ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟು 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು ಬಂದರು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾದರು. ಇಲ್ಲಿ ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿದ್ದಾರೆ. ಊರಿಗೆಲ್ಲ ಅವರು ಅವ್ವ, ನನಗೂ ಅಷ್ಟೇ.

ಮೊದಲ ತಪ್ಪು ಪಡಸಾಲೆಯಲ್ಲಿ ಕುಳಿತದ್ದು. ನಾನು ಅವ್ವನನ್ನು ಕೇಳುತ್ತಿದ್ದೆ, ಉತ್ತರ ಮಗ ಕೊಡುತ್ತಿದ್ದ. ‘ನಮ್ಮವ್ವ ಸಣ್ಣವಳಿದ್ದಾಗಲೇ ಧೈರ್ಯಸ್ಥೆ’ ಎಂದು ಅವನು ನಾಲ್ಕು ಸಲ ಹೇಳಿದ. ಅವನು ಹುಟ್ಟುವ ಮೊದಲಿನ ಮಾತು ಅದು. ಮರುವಾರ ಬೆಳಗಿನ ಏಳು ಗಂಟೆಗೇ ಹೋಗಿ ನೇರ ಅಡುಗೆಮನೆಗೆ ನಡೆದೆ. ಅವ್ವ ರೊಟ್ಟಿ ಬಡಿಯುತ್ತಿದ್ದರು. ಕೈ ಕೆಲಸದಲ್ಲಿದ್ದರೆ ಬಾಯಿ ಸಡಿಲ. ಎರಡು ಗಂಟೆ ಮಾತಾಡಿದರು. ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದೆನೆಂದು ಖುಷಿಯಿಂದ ಮನೆಗೆ ಬಂದು ಕೇಳಿದರೆ ಬರೀ ಪಟಪಟ ಸದ್ದು. ಮೊಬೈಲನ್ನು ರೊಟ್ಟಿ ಬಡಿಯುವ ಮರದ ಹರಿವಾಣ, ಕೊಣಮಿಗೆಯ ಪಕ್ಕದಲ್ಲೇ ಇಟ್ಟಿದ್ದೆ.

ಹಾಗಾಗಿ ಎಲ್ಲವನ್ನೂ ಇನ್ನೊಮ್ಮೆ ಕೇಳಬೇಕಾಯಿತು. ಅದೇ ಒಳ್ಳೆಯದಾಯಿತು, ಏಕೆಂದರೆ ಎರಡನೆಯ ಸಲ ಕಥೆ ಬದಲಾಗಿತ್ತು. ಮೊದಲ ಸಲ, ‘ಅಪ್ಪ ಸಾಲಿ ಬಿಡಿಸಿದ’ ಎಂದಿದ್ದರು. ಎರಡನೆಯ ಸಲ, ‘ನಾನೇ ಹೋಗಲಿಲ್ಲ’ ಎಂದರು. ಶಾಲೆಗೆ ಹೋಗಿ ಮಕ್ಕಳ ದಾಖಲಾತಿಯ ಜನರಲ್ ರಜಿಸ್ಟರ್ ತೆಗೆಸಿದೆ. ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದರೂ ಶಾಲೆಯ ವಹಿಗಳು ಪುನರ್ವಸತಿ ಕೇಂದ್ರಕ್ಕೆ ಗಾಡಿಯಲ್ಲಿ ಬಂದಿದ್ದವು. ಐದನೆಯ ಇಯತ್ತೆಯ, ಅಂದರೆ ತರಗತಿಯ, ನಡುವೆ ಹೆಸರು ಕಡಿಮೆ ಮಾಡಿದ್ದಾರೆ. ಕಾರಣದ ಅಂಕಣದಲ್ಲಿ ‘ಬಹುದಿನ ಗೈರುಹಾಜರಿ’ ಎಂದಿದೆ. ಆ ತಾರೀಖನ್ನು ಬರೆದುಕೊಂಡು ಕೊನೆಯ ತಮ್ಮ ಹುಟ್ಟಿದ ತಿಂಗಳು ಕೇಳಿದೆ. ಎರಡು ತಿಂಗಳ ಅಂತರ. ತಾಯಿ ಕೂಲಿಗೆ ಮರಳಬೇಕು, ಕೂಸನ್ನು ಸೊಂಟದಲ್ಲಿ ಹೊರಲು ಒಬ್ಬರು ಬೇಕು. ಅಪ್ಪ ಬಿಡಿಸಲಿಲ್ಲ, ಇವರು ಬಿಡಲೂ ಇಲ್ಲ. ಇದನ್ನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕೋರೇ, ಹಂಗಾದರೆ ಇಷ್ಟು ವರ್ಷ ಅಪ್ಪನನ್ನು ಸುಳ್ಳೇ ಬೈದೆ’ ಎಂದರು.

ಆ ರಜಿಸ್ಟರಿನಲ್ಲಿ ಜನ್ಮದಿನಾಂಕ 1-6-1955. ನಮ್ಮ ಭಾಗದ ಅರ್ಧ ಜನ ಹುಟ್ಟಿದ್ದು ಜೂನ್ ಒಂದಕ್ಕೇ. ಆ ಪುಣ್ಯ ಮಾಸ್ತರರದು. ಮತದಾರರ ಚೀಟಿಯಲ್ಲಿ ಬೇರೆ ವರ್ಷವಿದೆ. ಕೊನೆಗೆ ಕೈ ಹಿಡಿದವರು ಅವ್ವನ ಸೋದರತ್ತೆ, ಕಣ್ಣು ಕಾಣದ ಮುದುಕಿ. ಮೈಸೂರಿಗೆ ನಮ್ಮನ್ನು ಸೇರಿಸಿದರೆಂದು ಊರಲ್ಲಿ ಪೇಡೆ ಹಂಚಿದ ದಿನ ಈ ಹುಡುಗಿ ತೊಟ್ಟಿಲಲ್ಲಿತ್ತು ಎಂದರು. ಅಂದರೆ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1. ಅದಕ್ಕೆ ಮೊದಲು ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಬಾಗಲಕೋಟೆ ಅದರದೇ ಭಾಗ. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕ್ಯಾಲೆಂಡರ್ ನೋಡದ ಮನೆಗಳಲ್ಲಿ ವರ್ಷ ಕೇಳಬಾರದು, ಯಾವ ಮಳೆ, ಯಾವ ಬರ, ಯಾರ ಮದುವೆ ಎಂದು ಕೇಳಬೇಕು. 1972ರ ಬರ ಎಂದೊಡನೆ ಅವ್ವನಿಗೆ ಎಲ್ಲವೂ ನೆನಪಾಯಿತು. ಹದಿನಾರರ ಹುಡುಗಿ, ಬರಗಾಲದ ಕಾಮಗಾರಿಯಲ್ಲಿ ಕಡಿ ಒಡೆಯಲು ಹೋದವಳು. ಹಾಜರಿ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಬೇಕಾದ ಜಾಗದಲ್ಲಿ ತನ್ನ ಹೆಸರು ಬರೆದಳು. ಆಮೇಲೆ ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ಲೆಕ್ಕವನ್ನೂ ಓದಿ ಹೇಳೆಂದು ಗಂಟುಬಿದ್ದರಂತೆ.

ಸಮಿತಿಯವರಿಗೆ ಈ ಪ್ರಸಂಗ ಬಹಳ ಹಿಡಿಸಿತು. ‘ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬಂತೆ’ ಎಂದು ಸೇರಿಸಿ, ಕಿತ್ತೂರು ಚೆನ್ನಮ್ಮನಿಂದ ಅಧ್ಯಾಯ ಆರಂಭಿಸಿ ಎಂದರು. ನನಗೆ ಚೆನ್ನಮ್ಮನ ಮೇಲೆ ಭಕ್ತಿಯಿದೆ, ಬೆಳಗಾವಿಗೆ ಹೋಗುವಾಗ ಕಾಕತಿ ಬಂದರೆ ಈಗಲೂ ಕೈ ಮುಗಿಯುತ್ತೇನೆ. 1778ರಲ್ಲಿ ಅಲ್ಲಿ ಧೂಳಪ್ಪ ದೇಸಾಯರ ಮಗಳಾಗಿ ಹುಟ್ಟಿ ಕುದುರೆ ಸವಾರಿ, ಕತ್ತಿವರಸೆ ಕಲಿತಳೆಂದು ನಾವೆಲ್ಲ ಮಕ್ಕಳಿಗೆ ಕಲಿಸಿದವರೇ. ಆದರೆ 1824ರಲ್ಲಿ ಕಿತ್ತೂರಿನ ಯುದ್ಧಕ್ಕೆ ಕಾರಣ ಕುದುರೆಯಲ್ಲ, ಮನೆತನ. ಗಂಡ, ಕಿತ್ತೂರಿನ ದೊರೆ ಮಲ್ಲಸರ್ಜ ತೀರಿಕೊಂಡಿದ್ದ, ಮಲಮಗ ಶಿವಲಿಂಗರುದ್ರಸರ್ಜನೂ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ವಾರಸುದಾರನೆಂದು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ದತ್ತಕ ನಡೆಯಬೇಕೆಂದು ಹಟ ಹಿಡಿದು ನಿಂತಳು ರಾಣಿ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಆ ಹಟದ ಮುಂದೆ. ಅಷ್ಟು ದೊಡ್ಡ ಕಥೆಯಲ್ಲೂ ಮನೆಯ ಒಳಗಿನ ಲೆಕ್ಕವೇ ಮುಖ್ಯವಾಗಿರುವಾಗ ನಾನು ಅವ್ವನ ಹಾಜರಿ ಪಟ್ಟಿಗೆ ಯಾಕೆ ಕತ್ತಿ ಕಟ್ಟಲಿ?

ವಂಶವೃಕ್ಷ ಬರೆಯಲು ಕುಳಿತಾಗ ಆ ಒಳಲೆಕ್ಕ ನನಗೂ ಸಿಕ್ಕಿತು. ಎಷ್ಟು ಸಲ ಬರೆದರೂ ಗೆರೆ ತಿರುಗಿ ಬಂದು ತನ್ನನ್ನೇ ಕೂಡುತ್ತಿತ್ತು. ಹದಿನೇಳಕ್ಕೆ ಅವ್ವನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ತಾಯಿಯ ತವರೇ ಇವರ ಅತ್ತೆಮನೆ, ತಾಯಿಯ ತಾಯಿಯೇ ಅತ್ತೆ. ಇದು ನಮ್ಮಲ್ಲಿ ಹೊಸದಲ್ಲವಾದ್ದರಿಂದ ಮೊದಲಿಗೆ ಒಂದು ಸಾಲಿನಲ್ಲಿ ಮುಗಿಸಿದ್ದೆ. ಆಮೇಲೆ, 1987ರಲ್ಲಿ ಮೂರು ಮಕ್ಕಳನ್ನು ಬಿಟ್ಟು ಸಭೆಗೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಿದಾಗ, ‘ಅಜ್ಜಿ ಇದ್ದಳಲ್ಲ’ ಎಂದರು. ಅತ್ತೆ ಎನ್ನಲಿಲ್ಲ. ನಾಮಪತ್ರ ಹಾಕು ಎಂದದ್ದು ಅಜ್ಜಿ, ರಾತ್ರಿ ತಡವಾಗಿ ಬಂದರೆ ಗಂಡನಿಗೆ ಬಾಯಿ ಮುಚ್ಚು ಎಂದದ್ದು ಅಜ್ಜಿ. ಬೇರೆ ಮನೆಗೆ ಸೊಸೆಯಾಗಿ ಹೋಗಿದ್ದರೆ ಇದೇ ಹೆಂಗಸು ಇದೇ ಧೈರ್ಯ ಇಟ್ಟುಕೊಂಡು ಹೊಸ್ತಿಲೊಳಗೇ ಉಳಿಯುತ್ತಿದ್ದರೇನೋ. ಅಧ್ಯಾಯವನ್ನು ಹರಿದು ಅಜ್ಜಿಯಿಂದ ಶುರುಮಾಡಿದೆ. ಸೋದರಿಕೆಯ ಮದುವೆಯನ್ನು ಹೊಗಳಿದಂತಾಗುತ್ತದೆ ಎಂದು ಸಮಿತಿಯಲ್ಲಿ ಒಬ್ಬರು ಆಕ್ಷೇಪಿಸಿದರು. ಹೊಗಳಿಲ್ಲ, ಹದಿನೇಳಕ್ಕೇ ಮದುವೆಯಾಯಿತು, ಮೊದಲ ಕೂಸು ಉಳಿಯಲಿಲ್ಲ ಎಂಬುದೂ ಅದೇ ಪುಟದಲ್ಲಿದೆ.

ಹುಟ್ಟಿದ ಮನೆಯನ್ನು ನೋಡುವಂತಿರಲಿಲ್ಲ, ಅದು ನೀರಿನೊಳಗಿದೆ. ಮುಳುಗಡೆಯ ಪರಿಹಾರದ ಕಾಗದಗಳೇ ನನಗೆ ಮನೆಯ ನಕ್ಷೆಯಾದವು: ಮಣ್ಣಿನ ಮಾಳಿಗೆ, ಎಷ್ಟು ಅಂಕಣ, ದನದ ಕೊಟ್ಟಿಗೆ, ಅಂಗಳದ ಬೇವಿನ ಮರ. ಮರಕ್ಕೂ ಬೆಲೆ ಕಟ್ಟಿದ್ದರು. ಕಾಳು ತುಂಬಿಡುವ ನೆಲದೊಳಗಿನ ಹಗೇವು ಇತ್ತೇ ಎಂದು ಅವ್ವನನ್ನು ಕೇಳಿದೆ. ‘ಇತ್ತು, ತುಂಬಿದ್ದನ್ನು ನೋಡಲಿಲ್ಲ’ ಎಂದರು. ಜಮೀನಿನ ಉತಾರ, ಆಸ್ತಿ ಪಾಲಿನ ವಾಟ್ನಿ ಪತ್ರ ಎಲ್ಲವನ್ನೂ ತೆಗೆಸಿದೆ. ಅವುಗಳಲ್ಲಿ ತಮ್ಮಂದಿರಿದ್ದಾರೆ, ಇವರಿಲ್ಲ.

ಹೆಸರಿನ ಗೊಂದಲ ಬೇರೆ. ತೊಟ್ಟಿಲಿನಲ್ಲಿ ಇಟ್ಟ ಹೆಸರು ಒಂದು, ಮಾಸ್ತರರು ಬರೆದುಕೊಂಡದ್ದು ಇನ್ನೊಂದು, ಮದುವೆಯಲ್ಲಿ ಮೂರನೆಯದು. ಹೊರಗಿನವರ ಮನೆಗೆ ಹೋಗದೆಯೂ ಹೆಸರೇಕೆ ಬದಲಾಯಿತು? ಕೇಳಿದರೆ ನಕ್ಕರು. ತೊಟ್ಟಿಲಿನದು ಮುತ್ತಜ್ಜಿಯ ಹೆಸರು, ಅಂದರೆ ಅಜ್ಜಿಯ ಅತ್ತೆಯ ಹೆಸರು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕರೆಯಲು ಅಜ್ಜಿಗೆ ನಾಲಿಗೆ ಏಳುತ್ತಿರಲಿಲ್ಲ.

ತವರಿನ ಮನೆತನಕ್ಕೆ ಬರುವ ಹೆಳವ, ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವವನು, ಈ ಸುಗ್ಗಿಯಲ್ಲಿ ಬಂದಿದ್ದ. ಹಿಂದೆಲ್ಲ ಎತ್ತಿನ ಮೇಲೆ ಬರುತ್ತಿದ್ದವರು, ಈತ ಬಂದದ್ದು ಮೋಟಾರ್ ಸೈಕಲ್ಲಿನಲ್ಲಿ. ಅಂಗಳದಲ್ಲಿ ಕುಳಿತು ವಹಿ ನೋಡಿ ಏಳು ತಲೆಮಾರು ಹೇಳಿದ. ಅವ್ವನ ತಂದೆಯ ಹೆಸರಿನ ಕೆಳಗೆ ತಮ್ಮಂದಿರ ಹೆಸರುಗಳಿದ್ದವು, ಆಮೇಲೆ ‘ಹೆಣ್ಣು ಒಂದು, ಕೊಟ್ಟದ್ದು ಇಂಥ ಊರಿಗೆ’ ಎಂದಿತ್ತು. ಅವ್ವ ಎದ್ದು ಒಳಗೆ ಹೋಗಿ ಒಂದು ಚೀಲ ಬಿಳಿಜೋಳ ಹೊರಿಸಿ ತಂದು, ‘ನನ್ನ ಹೆಸರು ಬರಿ’ ಎಂದರು. ಅವನು ಚೀಲ ನೋಡಿದ, ಪೆನ್ನು ತೆಗೆದ. ಯಾವ ಹೆಸರು ಎಂದು ಕೇಳಿದ. ಗ್ರಂಥದಲ್ಲಿ ಅಚ್ಚಾಗಿರುವುದು ಮತಪತ್ರದಲ್ಲಿದ್ದ ಮದುವೆಯ ಹೆಸರು. ಹೆಳವನಿಗೆ ಅವ್ವ ಹೇಳಿದ್ದು ತೊಟ್ಟಿಲಿನದು.